ಕಡತದ ಬಾಲ ಹಿಡಿದು ಹೊರಟರೆ...

ಇಲ್ಲಿ ಏನಾದರೂ ಕುಟ್ಟಿ ಬಹಳ ದಿನಗಳಾದವು. ಕಾರಣ ಸೋಮಾರಿತನ, ಬೇರೇನಿಲ್ಲ. ಆದರೆ ಮೊನ್ನೆ ಊರಿಗೆ ಹೋಗಿ ಬಂದ ಮೇಲೆ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಲೇ ಇದೆ. ಬರೆದುಬಿಟ್ಟರೆ ನನಗೂ ಸಮಾಧಾನ, ನಿಮ್ಮಲ್ಲಿ ಯಾರಿಗಾದರೂ ಉಪಯೋಗವೂ ಆದೀತು.

ವಿಷಯ ಇಷ್ಟೇ. ಮನೆಯ ಗಣಕದಲ್ಲಿ ಕಳೆದುಹೋದ ಕಡತವನ್ನು ಹುಡುಕುವುದು ಹೇಗೆ? "ಹುಡುಕು ಅಂತ ಒಂದು ಪೆಟ್ಟಿಗೆ ಇರುತ್ತಲ್ಲ, ಅದರಲ್ಲಿ ಟೈಪಿಸಿದರಾಯ್ತು" ಅಂತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಈಗ ನನ್ನ ಅಭಿಪ್ರಾಯ ಬದಲಾಗಿದೆ. ಕನ್ನಡದಲ್ಲಿ ಬರೆಯುವ ಮನೆಗಳಲ್ಲಿ, ಅದರಲ್ಲೂ ಇಪ್ಪತ್ತು ವರ್ಷದಿಂದ ಗಣಕ ಇರುವ ಮನೆಗಳಲ್ಲಿ, ಹೆಸರು ಹಿಡಿದು ಹುಡುಕಿದರೆ ಹೆಚ್ಚೇನೂ ಸಿಗುವುದಿಲ್ಲ. ಒಳಗಿನ ಪದ ಹಿಡಿದು ಹುಡುಕಿದರೆ ಅದಕ್ಕಿಂತ ಕಡಿಮೆ ಸಿಗುತ್ತದೆ :-) ಕಡತದ ವಿಧ ಹಿಡಿದು ಹುಡುಕಬೇಕು. ಅಂದರೆ ಹೆಸರಿನ ಕೊನೆಗೆ ಒಂದು ಚುಕ್ಕಿ, ಅದರ ಮುಂದೆ ಮೂರೋ ನಾಲ್ಕೋ ಅಕ್ಷರ ಇರುತ್ತದಲ್ಲ, ಡಾಟ್ ಡಾಕ್, ಡಾಟ್ ಪಿಡಿಎಫ್, ಡಾಟ್ ಜೆಪಿಜಿ ಅಂತ, ಆ ಬಾಲ ಹಿಡಿದು. ಯಾಕೆ ಅಂತ ಹೇಳೋಕೆ ನಮ್ಮ ಮನೆ ಕಥೆ ಸ್ವಲ್ಪ ಹೇಳಬೇಕು. ಬೇಸರ ಮಾಡ್ಕೋಬೇಡಿ.

ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದರು. ನಮ್ಮ ಕಡೆಯವರಲ್ಲದವರಿಗೆ ಒಂದು ಮಾತು: ಕಂದಾಯದ ಲೆಕ್ಕದಲ್ಲಿ ನಾವು ತುಮಕೂರು ಜಿಲ್ಲೆಯವರೇ, ಆದರೆ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕು ತಾಲ್ಲೂಕು ಸೇರಿ 'ಮಧುಗಿರಿ ಶೈಕ್ಷಣಿಕ ಜಿಲ್ಲೆ'. ಹಾಗಾಗಿ ಮೇಷ್ಟ್ರುಗಳ ವರ್ಗಾವಣೆ ಎಂದರೆ ಹೆಚ್ಚಾಗಿ ಈ ನಾಲ್ಕರಲ್ಲೇ ಸುತ್ತು. ಅಪ್ಪನೂ ನಾಲ್ಕರಲ್ಲೂ ಸುತ್ತಿದರು. ಕೊರಟಗೆರೆ ಕಡೆ ಸಿದ್ಧರಬೆಟ್ಟದ ನೆರಳಿನಲ್ಲಿ ಕೆಲವು ವರ್ಷ, ಶಿರಾ ಸೀಮೆಯಲ್ಲಿ ಕೆಲವು ವರ್ಷ, ಪಾವಗಡದಲ್ಲಿ ಅರ್ಧ ತರಗತಿ ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳಿಗೆ ಹಳಗನ್ನಡ ಪಾಠ, ಕೊನೆಗೆ ಊರಿಗೇ ಬಂದು ಮಧುಗಿರಿಯಲ್ಲಿ ನಿವೃತ್ತಿ. ಏಕಶಿಲೆಯ ಬೆಟ್ಟ ಕಾಣುವ ಕಿಟಕಿಯ ಪಕ್ಕದಲ್ಲೇ ಅವರ ಗಣಕ ಇತ್ತು. ವಿಂಡೋಸ್ ಎಕ್ಸ್‌ಪಿ, ದಪ್ಪ ಡಬ್ಬದಂಥ ಮಾನಿಟರ್, ಅಮ್ಮ ಹೊಲಿದ ಹೂವಿನ ಕವರು.

ಅಪ್ಪ ಹೋಗಿ ಎರಡು ವರ್ಷ ಆಯ್ತು. ಗಣಕ ಹಾಗೇ ಕವರು ಹೊದ್ದುಕೊಂಡು ಕೂತಿತ್ತು. ಈ ಸಲ ನಾನು ಹೋಗುವ ಹೊತ್ತಿಗೆ ಶಿರಾದಿಂದ ಅಕ್ಕನ ಮಗ ಬಂದಿದ್ದ. "ಮಾಮ, ಇದನ್ನ ಸೋಮವಾರ ಅಂಗಡಿಗೆ ಕೊಡ್ತೀನಿ. ಫಾರ್ಮ್ಯಾಟ್ ಮಾಡಿ ಯಾವ್ದಾದ್ರೂ ಸ್ಕೂಲಿಗೆ ಕೊಟ್ರಾಯ್ತು. ಇದ್ರಲ್ಲಿ ಏನೂ ಇಲ್ಲ, ನಾನು ನೋಡ್ದೆ. ಬರೀ ಸರ್ಕ್ಯುಲರ್ರು, ಕ್ವೆಶ್ಚನ್ ಪೇಪರ್ರು" ಅಂದ. ಒಳ್ಳೆ ಹುಡುಗ, ಒಳ್ಳೆ ಉದ್ದೇಶವೇ.

ಅಡುಗೆಮನೆಯಿಂದ ಅಮ್ಮ ಅಂದರು, "ನಿಮ್ಮಪ್ಪ ರಾತ್ರಿ ಹೊತ್ತು ಕೂತ್ಕೊಂಡು ಅದ್ಯಾವ್ದೋ ಊರೂರಿನ ಪದ ಬರೀತಿದ್ರಲ್ಲಪ್ಪ. ತಲಪರಿಗೆ ಗಿಲಪರಿಗೆ ಅಂತ. ಅದು ಅದ್ರೊಳಗೇ ಐತೋ ಏನೋ, ನೋಡು."

ನನಗೆ ನೆನಪಾಯ್ತು. ಅಪ್ಪ ಪ್ರತಿವರ್ಷ ದಸರಾ ರಜಕ್ಕೆ ಮಕ್ಕಳಿಗೆ ಒಂದು ಮನೆಪಾಠ ಕೊಡುತ್ತಿದ್ದರು. ನಿಮ್ಮ ಅಜ್ಜಿಯನ್ನೋ ತಾತನನ್ನೋ ಕೇಳಿ, ಪುಸ್ತಕದಲ್ಲಿ ಇಲ್ಲದ ಹತ್ತು ಪದ ಬರೆದುಕೊಂಡು ಬನ್ನಿ ಅಂತ. ನಾಲ್ಕು ತಾಲ್ಲೂಕಿನ ಮಕ್ಕಳು ತಂದ ಚೀಟಿಗಳೆಲ್ಲ ಒಂದು ಬಿಸ್ಕತ್ ಡಬ್ಬದಲ್ಲಿ ಇದ್ದವು. ಡಬ್ಬಕ್ಕೆ ಗೆದ್ದಲು ಹಿಡಿದದ್ದು ಗೊತ್ತು. ಅದನ್ನೆಲ್ಲ ಗಣಕಕ್ಕೆ ಏರಿಸಿದ್ದರು ಅನ್ನುವುದು ನನಗೆ ಗೊತ್ತಿರಲಿಲ್ಲ. ಏರಿಸಿದ್ದರೆ ಸೋಮವಾರ ಅದೂ ಗೆದ್ದಲ ಪಾಲೇ.

ಶನಿವಾರ ರಾತ್ರಿ ಊಟ ಮುಗಿಸಿ ಕೂತೆ. ಗುಂಡಿ ಒತ್ತಿದೆ, ಪುಣ್ಯಕ್ಕೆ ಎದ್ದಿತು. ಎಕ್ಸ್‌ಪಿಯಲ್ಲಿ ಹುಡುಕಲು ಹೋದರೆ ಒಂದು ಹಳದಿ ನಾಯಿ ಬರುತ್ತಿತ್ತು, ನೆನಪಿದೆಯಾ? ಅದೇ ನಾಯಿ ಬಾಲ ಅಲ್ಲಾಡಿಸಿಕೊಂಡು ಬಂತು. ನಾವು ನಾಯಿಯ ಬಾಲ ನೋಡಿ ಖುಷಿಪಟ್ಟೆವೇ ಹೊರತು ಕಡತದ ಬಾಲ ನೋಡಲಿಲ್ಲ, ಅದೇ ಈ ಬರಹದ ಸಾರಾಂಶ :-)

ಮೊದಲು ಹೆಸರಿನಿಂದ ಹುಡುಕಿದೆ. ಇಂಗ್ಲಿಷ್ ಅಕ್ಷರದಲ್ಲಿ 'ಪದ', 'ಪದಕೋಶ', 'ತಲಪರಿಗೆ', 'ಅಜ್ಜಿ'... ಒಂದೂ ಇಲ್ಲ. ಯಾಕೆ ಅಂತ ಆಮೇಲೆ ಗೊತ್ತಾಯ್ತು. ಅಪ್ಪ ಗಣಕ ಕಲಿತದ್ದು ಡಾಸ್ ಕಾಲದಲ್ಲಿ. ಆಗ ಕಡತದ ಹೆಸರಿಗೆ ಎಂಟೇ ಅಕ್ಷರ, ಬಾಲಕ್ಕೆ ಮೂರೇ ಅಕ್ಷರ. 1995ರ ವಿಂಡೋಸ್‌ನಿಂದ ಉದ್ದ ಹೆಸರು ಇಡಬಹುದಾಯ್ತು. ಆದರೂ ಹಳೆಯ ಅಭ್ಯಾಸ ಬಿಡಬೇಕಲ್ಲ? ಅವರ ಕಡತಗಳ ಹೆಸರೆಲ್ಲ ಮೇಷ್ಟ್ರ ಹಾಜರಿ ಪುಸ್ತಕದ ಗುರುತಿನ ಹಾಗೆ, ಸ್ವರವಿಲ್ಲದ ಮೂರು ನಾಲ್ಕು ಇಂಗ್ಲಿಷ್ ಅಕ್ಷರ, ಕೊನೆಗೊಂದು ಅಂಕಿ. ಬರೆದವರಿಗೆ ಮಾತ್ರ ಗೊತ್ತು. ಬರೆದವರು ಇಲ್ಲ.

ಆಮೇಲೆ ಒಳಗಿನ ಪದದಿಂದ ಹುಡುಕೋಣ ಅಂದುಕೊಂಡೆ. ಆ ಗಣಕದಲ್ಲಿ ಯುನಿಕೋಡ್ ಕನ್ನಡ ಟೈಪಿಸುವ ಸೌಕರ್ಯ ಹಾಕಿರಲಿಲ್ಲ. ಹಾರ್ಡ್ ಡಿಸ್ಕ್ ಬಿಚ್ಚಿ, ಯುಎಸ್‌ಬಿ ತಂತಿಯಿಂದ ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ, 'ತಲಪರಿಗೆ' ಅಂತ ಚೆನ್ನಾಗಿ ಕನ್ನಡದಲ್ಲೇ ಟೈಪಿಸಿ ಹುಡುಕಿದೆ. ಹಸಿರು ಗೆರೆ ಓಡಿತು, ಓಡಿತು, ಓಡಿತು... ಕೊನೆಗೆ ಸೊನ್ನೆ. 'ಕನ್ನಡ' ಅಂತ ಹುಡುಕಿದೆ. ಮೂವತ್ತು ವರ್ಷ ಕನ್ನಡ ಪಾಠ ಮಾಡಿದ ಮೇಷ್ಟ್ರ ಗಣಕದಲ್ಲಿ 'ಕನ್ನಡ' ಅನ್ನುವ ಪದ ಒಂದು ಸಲವೂ ಇಲ್ಲ ಅಂತ ಹೇಳಿತು ಯಂತ್ರ!

ಇದರ ಕಾರಣ ನಿಮ್ಮಲ್ಲಿ ಬಹಳ ಜನರಿಗೆ ಗೊತ್ತು. ಗೊತ್ತಿಲ್ಲದವರಿಗಾಗಿ ಎರಡು ಮಾತು. ಹಳೆಯ ನುಡಿ ಫಾಂಟಿನಲ್ಲಿ ನೀವು 'ಕನ್ನಡ' ಅಂತ ಟೈಪಿಸಿದರೆ ಪರದೆಯ ಮೇಲೆ ಕನ್ನಡ ಕಾಣುತ್ತದೆ ನಿಜ. ಆದರೆ ಕಡತದೊಳಗೆ ಹೋಗಿ ಕೂರುವುದು ಏನು ಗೊತ್ತೇ? ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗಡ್ಡಿ ಇರುವ ಎ, ಬ್ರಿಟಿಷರ ಪೌಂಡ್ ಗುರುತು, ಮತ್ತೆ ಓರೆಗಡ್ಡಿಯ ಎ, ಜರ್ಮನ್ನರ ಜೋಡಿ ಎಸ್, ಚಿಕ್ಕ ಕ್ಯೂ, ಮತ್ತೊಂದು ಎ. ಈ ಏಳು ಗುರುತಿಗೆ ಕನ್ನಡದ ವೇಷ ಹಾಕುವುದು ಫಾಂಟಿನ ಕೆಲಸ. ವೇಷ ಕಳಚಿದರೆ ಒಳಗೆ ಕನ್ನಡ ಇಲ್ಲ. ಹುಡುಕುವ ಯಂತ್ರಕ್ಕೆ ವೇಷ ಕಾಣುವುದಿಲ್ಲ, ಒಳಗಿನ ಗುರುತು ಮಾತ್ರ ಕಾಣುತ್ತದೆ.

ಇದು ಆ ತಂತ್ರಾಂಶ ಮಾಡಿದವರ ತಪ್ಪು ಅಂತ ಮಾತ್ರ ಹೇಳಬೇಡಿ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, ಆದರೆ ನಮ್ಮ ಮನೆಗಳ ವಿಂಡೋಸ್‌ಗೆ ಕನ್ನಡದ ಒತ್ತಕ್ಷರ ಸರಿಯಾಗಿ ಮೂಡಿಸಲು ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನ ಜೊತೆ. ಅದಕ್ಕೂ ಮುಂಚೆ, 1998ರಲ್ಲಿ, ಶೇಷಾದ್ರಿವಾಸು ಚಂದ್ರಶೇಖರನ್ 'ಬರಹ' ಕೊಟ್ಟರು. ಕನ್ನಡ ಗಣಕ ಪರಿಷತ್ತಿನ 'ನುಡಿ' ಸರ್ಕಾರಿ ಕಚೇರಿಗಳಿಗೆ ಬಂತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ನಮ್ಮ ಬೆರಳಿಗೆ ಕೂತಿತು. ಇವರೆಲ್ಲ ಇಲ್ಲದಿದ್ದರೆ ನಾವು ಇವತ್ತು ಇಲ್ಲಿ ಹೀಗೆ ಕನ್ನಡದಲ್ಲಿ ಹರಟುತ್ತಲೇ ಇರಲಿಲ್ಲ. ನನ್ನ ತಕರಾರು ಇರುವುದು ನಮ್ಮ ಮೇಲೆ. ದಾರಿ ಬಂದ ಮೇಲೂ ಹಳೆಯ ಕಡತಗಳನ್ನು ಅಲ್ಲೇ ಬಿಟ್ಟು ನಾವು ಮಾತ್ರ ಮುಂದೆ ಬಂದೆವಲ್ಲ, ಅದರ ಮೇಲೆ.

ಸರಿ, ಕಥೆಗೆ ಬರೋಣ. ರಾತ್ರಿ ಹನ್ನೊಂದೂವರೆ. ಹೆಸರಿನ ದಾರಿ ಮುಚ್ಚಿತು, ಪದದ ದಾರಿ ಮುಚ್ಚಿತು. ಉಳಿದದ್ದು ವಿಧ. ಹುಡುಕು ಪೆಟ್ಟಿಗೆಯಲ್ಲಿ ಸ್ಟಾರ್ ಡಾಟ್ ಡಾಕ್ ಅಂತ ಹಾಕಿದೆ (ಇಂಗ್ಲಿಷ್ ಅಕ್ಷರಗಳಲ್ಲೇ ಹಾಕಬೇಕು, ಸ್ಟಾರ್ ಅಂದರೆ 'ಹೆಸರು ಏನಾದರೂ ಇರಲಿ' ಅಂತ ಅರ್ಥ). ಆರುನೂರು ಚಿಲ್ಲರೆ ಬಂದವು. ಹುಡುಗ ಹೇಳಿದ್ದು ನಿಜ. ಸುತ್ತೋಲೆ, ಕಿರುಪರೀಕ್ಷೆ, ಎಸ್‌ಎಸ್‌ಎಲ್‌ಸಿ ಪೂರ್ವಸಿದ್ಧತಾ ಪ್ರಶ್ನೆಪತ್ರಿಕೆ, ಬಿಸಿಯೂಟದ ಲೆಕ್ಕ, ಶಾಲಾ ವಾರ್ಷಿಕೋತ್ಸವದ ಆಹ್ವಾನ. ಎಲ್ಲ ನುಡಿಯಲ್ಲಿ. ಪಿಡಿಎಫ್ ಹುಡುಕಿದೆ, ಇಲಾಖೆಯಿಂದ ಬಂದ ಆದೇಶಗಳು. ಜೆಪಿಜಿ ಹುಡುಕಿದೆ, ಸಾವಿರಗಟ್ಟಲೆ ಬಂದು ಬಿದ್ದವು. ಹೆಚ್ಚಿನವು ಅಂತರ್ಜಾಲದಲ್ಲಿ ಅಡ್ಡಾಡಿದಾಗ ತಾನೇ ತಾನಾಗಿ ಇಳಿದ ಚೂರುಪಾರು ಚಿತ್ರಗಳು. ಗಾತ್ರದ ಪ್ರಕಾರ ಜೋಡಿಸಿ ದೊಡ್ಡವನ್ನು ಮಾತ್ರ ನೋಡಿದಾಗ ಅಕ್ಕನ ಮದುವೆಯ ಫೋಟೋ, ಕಗ್ಗಲಡುವಿನ ಹುಣಸೆಮರಗಳ ಮೇಲೆ ಕೂತ ಬಣ್ಣದ ಕೊಕ್ಕರೆಗಳ ಫೋಟೋ ಸಿಕ್ಕವು. ಅದು ಬೋನಸ್ಸು.

ಆಗ ಅಮ್ಮ ನೀರಿನ ಚೊಂಬು ಇಡಲು ಬಂದವರು ಪರದೆ ನೋಡಿ, "ಇದಲ್ಲಪ್ಪ, ಇಲಾಖೆ ಕೆಲ್ಸಕ್ಕೆ ಇದು. ಅವ್ರದ್ದು ಬರ್ಕೊಳೋಕೆ ಬೇರೆ ಒತ್ತೋರು" ಅಂದರು. ಬೇರೆ ಅಂದರೆ? ಅಮ್ಮನಿಗೆ ಹೆಸರು ಗೊತ್ತಿಲ್ಲ. ಆದರೆ ನುಡಿ ಅಲ್ಲದ್ದು ಅಂದರೆ ಆ ಕಾಲದಲ್ಲಿ ಇನ್ನೇನು ಇರುತ್ತೆ ಹೇಳಿ? ಬರಹ! ಬರಹದ ಕಡತಗಳ ಬಾಲ ಬಿ-ಆರ್-ಎಚ್. ಸ್ಟಾರ್ ಡಾಟ್ ಬಿಆರ್‌ಎಚ್ ಅಂತ ಹಾಕಿ ಎಂಟರ್ ಒತ್ತಿದೆ.

ಎಂಟು ಕಡತ.

ಅಷ್ಟು ದೊಡ್ಡ ಡಿಸ್ಕಿನಲ್ಲಿ ಎಂಟೇ ಎಂಟು, ಯಾವುದೋ ಪ್ರಶ್ನೆಪತ್ರಿಕೆಯ ಫೋಲ್ಡರಿನ ಒಳಗಿನ ಫೋಲ್ಡರಿನಲ್ಲಿ. ಡಿಸ್ಕನ್ನು ಮತ್ತೆ ಹಳೆಯ ಪೆಟ್ಟಿಗೆಗೆ ಸೇರಿಸಿ, ಅಲ್ಲಿದ್ದ ಬರಹದಲ್ಲೇ ತೆರೆದೆ. ಮೊದಲನೆಯದು ಕೊರಟಗೆರೆ. ವರ್ಷ, ಊರು, ಯಾವ ತರಗತಿಯ ಮಗು, ಯಾರಿಂದ ಕೇಳಿದ್ದು, ಪದ, ಅರ್ಥ. ಹಗೇವು, ವಾಡೆ, ಕಪಿಲೆ, ಮಕ್ಕರಿ, ಹೆಡಿಗೆ... ಒಂದೊಂದಕ್ಕೂ ಮಗುವಿನ ಮಾತಿನಲ್ಲೇ ಅರ್ಥ. ತಿದ್ದಿಲ್ಲ. ತಪ್ಪಕ್ಷರ ಕಂಡರೆ ಕೆಂಪು ಶಾಯಿ ಸುರಿಯುತ್ತಿದ್ದ ಮನುಷ್ಯ ಇಲ್ಲಿ ಒಂದಕ್ಷರ ತಿದ್ದಿರಲಿಲ್ಲ.

ಒಂದೊಂದು ತಾಲ್ಲೂಕಿನ ಕೊನೆಗೂ ತಲಪರಿಗೆಯ ಪಟ್ಟಿ ಬೇರೆ. ಆ ಪದ ಗೊತ್ತಿಲ್ಲದವರಿಗೆ: ನಮ್ಮ ಬರಗಾಲದ ಸೀಮೆಯಲ್ಲಿ ಕೆರೆಯಂಗಳದಲ್ಲೋ ಹಳ್ಳದ ಬದಿಯಲ್ಲೋ ತಾನಾಗಿ ಉಕ್ಕುವ ಒರತೆಗಳಿದ್ದವು. ಅಲ್ಲಿ ತೋಡಿ, ಕಾಲುವೆ ತೆಗೆದು, ಕೆರೆ ಒಣಗಿದ ಬೇಸಿಗೆಯಲ್ಲೂ ನೀರು ಹರಿಸಿಕೊಳ್ಳುತ್ತಿದ್ದರು. ಏತ ಬೇಡ, ಪಂಪು ಬೇಡ, ನೀರು ತಾನೇ ಹರಿಯುತ್ತದೆ. ಊರವರೇ ಸೇರಿ ಹೂಳು ತೆಗೆಯುತ್ತಿದ್ದರು. ಕೊಳವೆಬಾವಿಗಳು ಆಳಕ್ಕೆ ಇಳಿದಂತೆಲ್ಲ ಇವು ಬತ್ತುತ್ತಾ ಹೋದವು, ಜೊತೆಗೆ ಪದವೂ. ಮಕ್ಕಳು ತಂದಿದ್ದು ಆ ಒರತೆಗಳ ಹೆಸರು, ಎಲ್ಲಿದೆ, ಈಗ ನೀರು ಇದೆಯೋ ಇಲ್ಲವೋ, ಯಾರ ಮನೆಯವರು ಹೂಳು ತೆಗೆಯುತ್ತಿದ್ದರು ಅನ್ನುವ ವಿವರ. ಯಾರೋ ಎಂಟನೇ ಕ್ಲಾಸಿನ ಹುಡುಗಿ 'ನಮ್ಮ ತಾತ ತೋರಿಸಿದರು, ಕಲ್ಲು ಮುಚ್ಚಿದೆ, ಕಿವಿ ಇಟ್ಟರೆ ಸದ್ದು ಕೇಳುತ್ತೆ' ಅಂತ ಬರೆದಿದ್ದಳು. ಈ ಪಟ್ಟಿ ಸೋಮವಾರ ಬೆಳಿಗ್ಗೆ ಅಳಿಸಿಹೋಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ.

ಹೆಸರು ಸುಳಿವು ಕೊಡಲಿಲ್ಲ, ಒಳಗಿನ ಅಕ್ಷರ ಸುಳಿವು ಕೊಡಲಿಲ್ಲ, ಬಾಲ ಕೊಟ್ಟಿತು. ಕೆಲಸದ್ದು ಒಂದು ತಂತ್ರಾಂಶದಲ್ಲಿ, ಮನಸ್ಸಿನದ್ದು ಇನ್ನೊಂದರಲ್ಲಿ ಅಂತ ಅಪ್ಪ ತಮಗೇ ಗೊತ್ತಿಲ್ಲದೆ ಬೇಲಿ ಹಾಕಿಕೊಂಡಿದ್ದರು. ಆ ಬೇಲಿ ಯಂತ್ರಕ್ಕೂ ಕಾಣುವಂಥದ್ದು. 'ಜಾತಿ ಕೇಳಬೇಡ್ರೋ' ಅಂತ ಜೀವನಪೂರ್ತಿ ಪಾಠ ಮಾಡಿದ ಮೇಷ್ಟ್ರ ಗಣಕದಲ್ಲಿ ನಾನು ಕೊನೆಗೆ ಕಡತದ ಜಾತಿ ಕೇಳಿಯೇ ಹುಡುಕಬೇಕಾಯ್ತು ನೋಡಿ!

ಆದರೆ ಇಲ್ಲಿಗೇ ನಿಲ್ಲಿಸಿದರೆ ಬಾಲದ ಬಗ್ಗೆ ಸುಳ್ಳು ಹೇಳಿದಂತಾಗುತ್ತದೆ. ಎಂಟೂ ಕಡತ ತೆರೆದು ನೋಡಿದೆ. ಕೊರಟಗೆರೆ ಇದೆ, ಶಿರಾ ಇದೆ, ಮಧುಗಿರಿ ಇದೆ. ಪಾವಗಡ ಇಲ್ಲ. ಅಪ್ಪ ಪಾವಗಡದ ಪಟ್ಟಿ ಮಾಡದೆ ಬಿಡುವವರಲ್ಲ, ಅಲ್ಲಿನ ಮಕ್ಕಳ ತೆಲುಗು ಬೆರೆತ ಕನ್ನಡವೆಂದರೆ ಅವರಿಗೆ ಪ್ರಾಣ. ಮತ್ತೆ ಹುಡುಕಿದೆ. ಈ ಸಲ ದಿನಾಂಕದಿಂದ: ಉಳಿದ ಎಂಟು ಕಡತ ಉಳಿಸಿದ ತಿಂಗಳಲ್ಲಿ ಬದಲಾದ ಕಡತಗಳೆಲ್ಲ ಬರಲಿ ಅಂತ. ಒಂದು ಬಂತು. ಹೆಸರಿನ ಜಾಗದಲ್ಲಿ ಪಿ-ವಿ-ಜಿ-ಡಿ, ಬಾಲದ ಜಾಗದಲ್ಲಿ ಓ-ಎಲ್-ಡಿ. ಡಾಸ್ ಕಾಲದವರು ಹೊಸದು ಮಾಡುವ ಮುಂಚೆ ಹಳೆಯದಕ್ಕೆ 'ಓಲ್ಡ್' ಅಂತ ಬಾಲ ಕಟ್ಟುತ್ತಿದ್ದರಲ್ಲ, ಹಾಗೆ ಮಾಡಿದ್ದಾರೆ. ಹೊಸದು ಮಾಡಲು ಆಗಿಲ್ಲ. ಅದರ ಒಂದು ಪ್ರತಿ ಮಾಡಿಕೊಂಡು, ಪ್ರತಿಯ ಬಾಲ ಬದಲಿಸಿ ಬಿಆರ್‌ಎಚ್ ಅಂತ ಇಟ್ಟು ತೆರೆದರೆ... ಪಾವಗಡ!

ಅಂದರೆ ಏನಾಯ್ತು? ಬಾಲ ಅನ್ನುವುದು ಹುಟ್ಟುಗುಣ ಅಲ್ಲ, ಅದೂ ಹೆಸರಿನ ಒಂದು ತುಂಡು, ಯಾರು ಬೇಕಾದರೂ ಬದಲಿಸಬಹುದು. ಕಡತದ ನಿಜವಾದ ವಿಧ ಅದರ ಒಳಗಿನ ಮೊದಲ ಕೆಲವು ಗುರುತುಗಳಲ್ಲಿ ಇರುತ್ತದೆ. ಪಿಡಿಎಫ್ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ, ಶೇಕಡಾ ಚಿಹ್ನೆ, ಅದರ ಮುಂದೆ ಪಿಡಿಎಫ್ ಅಂತಲೇ ಶುರುವಾಗುತ್ತದೆ. 2007ರ ಆಫೀಸಿನಿಂದ ಬಂದ ಡಾಕ್‌ಎಕ್ಸ್ ಕಡತ ಪಿ-ಕೆ ಅಂತ ಶುರುವಾಗುತ್ತದೆ, ಯಾಕೆಂದರೆ ಅದು ಒಳಗೊಳಗೆ ಜಿಪ್ ಕಡತ, ಮತ್ತು ಆ ಪಿಕೆ ಜಿಪ್ ಮಾಡಿದ ಫಿಲ್ ಕಾಟ್ಜ್ ಎಂಬಾತನ ಹೆಸರಿನ ಮೊದಲ ಅಕ್ಷರಗಳು. ಲಿನಕ್ಸ್‌ನಲ್ಲಿ 'ಫೈಲ್' ಅನ್ನುವ ಆದೇಶ ಕೊಟ್ಟರೆ ಅದು ಬಾಲ ನಂಬದೆ ಒಳಗೆ ಇಣುಕಿ ಹೇಳುತ್ತದೆ. ವಿಂಡೋಸ್ ಹುಡುಕಾಟ ಬಾಲವನ್ನೇ ನಂಬುತ್ತದೆ.

ಅಷ್ಟು ನಂಬಿದ ಬಾಲವನ್ನು ವಿಂಡೋಸ್ ನಮಗೆ ತೋರಿಸುವುದೇ ಇಲ್ಲ! 1995ರಿಂದ ಇವತ್ತಿನವರೆಗೂ, ನಾವಾಗಿ ಬದಲಿಸದಿದ್ದರೆ, ಗೊತ್ತಿರುವ ವಿಧಗಳ ಬಾಲವನ್ನು ಅದು ಮುಚ್ಚಿಯೇ ಇಡುತ್ತದೆ. ಹೊಸಬರು ತಪ್ಪಿ ಬಾಲ ಅಳಿಸಿಬಿಟ್ಟರೆ ಕಡತ ತೆರೆಯುವುದಿಲ್ಲ ಅನ್ನುವುದು ಸಮರ್ಥನೆ. ಇರಬಹುದು, ಆ ಕಾಳಜಿ ನನಗೂ ಅರ್ಥವಾಗುತ್ತೆ. ಆದರೆ ಅದರ ಬೆಲೆ ಏನಾಯ್ತು? 2000ದ ಮೇ ತಿಂಗಳಲ್ಲಿ 'ಐ ಲವ್ ಯೂ' ಅಂತ ಮಿಂಚಂಚೆ ಜಗತ್ತೆಲ್ಲ ಹರಡಿತ್ತಲ್ಲ, ಅದರ ಜೊತೆಗಿದ್ದ ಕಡತದ ಹೆಸರು ಟಿಎಕ್ಸ್‌ಟಿ ಅಂತ ಮುಗಿಯುವ ಹಾಗೆ ಕಾಣುತ್ತಿತ್ತು. ಅದರ ಹಿಂದೆ ವಿಬಿಎಸ್ ಅನ್ನುವ ಇನ್ನೊಂದು ಬಾಲ ಇತ್ತು, ಅದು ಮುಚ್ಚಿಹೋಗಿತ್ತು. ಪ್ರೇಮಪತ್ರ ಅಂತ ತೆರೆದವರು ವೈರಸ್ಸನ್ನು ಓಡಿಸಿದರು. ಬಾಲ ಕಾಣದೆ ಬೆಳೆದ ನಮಗೆ ಕಡತಗಳಲ್ಲಿ ವಿಧ ಅನ್ನುವುದೊಂದಿದೆ ಅಂತಲೇ ಮರೆತುಹೋಗಿದೆ. ಮರೆತದ್ದನ್ನು ಹಿಡಿದು ಹುಡುಕುವುದಾದರೂ ಹೇಗೆ?

ಅಕ್ಕನ ಮಗ ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ವಾದಕ್ಕಿಳಿದ. "ಮಾಮ, ಇದೆಲ್ಲಾ ಹಳೇ ಕಾಲದ್ದು. ಈಗ ಫೋನಲ್ಲಿ ನಾಯಿ ಅಂತ ಹುಡುಕಿದ್ರೆ ನಾಯಿ ಫೋಟೋನೇ ಬರುತ್ತೆ. ಎಕ್ಸ್‌ಟೆನ್ಷನ್ ಯಾರು ನೋಡ್ತಾರೆ? ಎಲ್ಲಾ ಎಐ ಹುಡುಕಿಕೊಡುತ್ತೆ." ಅವನ ಮಾತು ಪೂರ್ತಿ ತಪ್ಪಲ್ಲ. ಅವನ ಫೋಟೋಗಳಿಗೆ ಅದು ಸರಿ. ಆದರೆ ನಾನು ಅವನಿಗೆ ಹೇಳಿದ್ದು ಎರಡು ಮಾತು. ಒಂದು, ಆ ಬುದ್ಧಿವಂತ ಯಂತ್ರ ಕಾಣುವುದು ಅದರ ಕೈಗೆ ಕೊಟ್ಟದ್ದನ್ನು ಮಾತ್ರ. ತಾತನ ಡಿಸ್ಕನ್ನು ಯಾರೂ ಕೊಟ್ಟಿಲ್ಲ, ಸೋಮವಾರ ಅಳಿಸಲು ಹೊರಟಿದ್ದೆವು. ಎರಡು, ಕೊಟ್ಟರೂ ಪೌಂಡ್ ಗುರುತನ್ನು 'ನ' ಅಂತ ಓದಬೇಕು ಅನ್ನುವುದನ್ನು ಮೊದಲು ಯಾರಾದರೂ ಅದಕ್ಕೆ ತಿಳಿಸಬೇಕು. ಇದು ಯಾವ ಜಾತಿಯ ಕಡತ ಅಂತ ಗೊತ್ತಾದ ಮೇಲಷ್ಟೇ ಅದನ್ನು ಕನ್ನಡಕ್ಕೆ ತಿರುಗಿಸಬಹುದು. ಅಲ್ಲಿಗೆ ಮೊದಲ ಹೆಜ್ಜೆ ಮತ್ತೆ ವಿಧವೇ. ಗೂಗಲ್‌ನವರು 2004ರಲ್ಲಿ ಮನೆಯ ಗಣಕದೊಳಗೂ ಹುಡುಕಿಕೊಡುವ ಡೆಸ್ಕ್‌ಟಾಪ್ ತಂತ್ರಾಂಶ ಬಿಟ್ಟಿದ್ದರು, ನಾವೆಲ್ಲ ಕುಣಿದಾಡಿದ್ದೆವು. 2011ರಲ್ಲಿ ಅದನ್ನು ನಿಲ್ಲಿಸಿಯೂ ಬಿಟ್ಟರು. ಹುಡುಕಿಕೊಡುವವರು ಬರುತ್ತಾರೆ, ಹೋಗುತ್ತಾರೆ. ಸ್ಟಾರ್ ಡಾಟ್ ಮಾತ್ರ ಡಾಸ್ ಕಾಲದಿಂದ ಇವತ್ತಿನವರೆಗೂ ಹಾಗೇ ಇದೆ.

ಹುಡುಗ ಸುಮ್ಮನಾಗಲಿಲ್ಲ. "ಹಾಗಾದ್ರೆ ತಾತ ಸರಿಯಾಗಿ ಹೆಸರಿಟ್ಟಿದ್ರೆ ಇಷ್ಟೆಲ್ಲ ಬೇಕಿರ್ಲಿಲ್ಲ ಅಲ್ವಾ?" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಯಾಕೆಂದರೆ ನನ್ನದೇ ಲ್ಯಾಪ್‌ಟಾಪಿನಲ್ಲಿ 'ಹೊಸ', 'ಹೊಸ2', 'ಕೊನೆಯದು', 'ನಿಜವಾಗ್ಲೂ ಕೊನೆಯದು' ಅಂತ ಕಡತಗಳು ಬಿದ್ದಿವೆ. ನಿಮ್ಮದರಲ್ಲಿ ಇಲ್ಲ ಅಂತ ಎದೆ ಮುಟ್ಟಿಕೊಂಡು ಹೇಳಿ ನೋಡೋಣ!

ಹಾಗಾಗಿ ನನ್ನ ವಾದ ಇದು. ವಿಧ ಹಿಡಿದು ಹುಡುಕುವುದು ಕಳೆದುಕೊಂಡವರ ಕೊನೆಯ ದಾರಿ. ಕಳೆದುಕೊಳ್ಳದಿರುವ ದಾರಿ ಬೇರೆ ಇದೆ. ಆದರೆ ನಮ್ಮ ಹಿರಿಯರ ಗಣಕಗಳ ವಿಷಯದಲ್ಲಿ ಕಾಲ ಮೀರಿದೆ, ಅಲ್ಲಿ ಇದೊಂದೇ ದಾರಿ. ಅದಕ್ಕೆ ಒಂದು ಭಾನುವಾರ ಇಟ್ಟುಕೊಳ್ಳಿ ಅಂತ ಕೇಳುತ್ತಿದ್ದೇನೆ. ಮನೆಯಲ್ಲಿ ಹಳೆಯ ಗಣಕವೋ, ಹಾರ್ಡ್ ಡಿಸ್ಕೋ, ಸಿಡಿಯೋ ಇದ್ದರೆ ಫಾರ್ಮ್ಯಾಟಿಗೆ ಕೊಡುವ ಮುಂಚೆ ಇಷ್ಟು ಮಾಡಿ:

ಮೊದಲು ಬಾಲಗಳನ್ನು ಕಾಣುವ ಹಾಗೆ ಮಾಡಿ. ವಿಂಡೋಸ್ 11ರಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆದು ವ್ಯೂ, ಅದರಲ್ಲಿ ಶೋ, ಅದರಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್. ಎಕ್ಸ್‌ಪಿಯಾದರೆ ಟೂಲ್ಸ್, ಫೋಲ್ಡರ್ ಆಪ್ಷನ್ಸ್, ವ್ಯೂ, ಅಲ್ಲಿ 'ಹೈಡ್ ಎಕ್ಸ್‌ಟೆನ್ಷನ್ಸ್' ಅನ್ನುವುದರ ಮುಂದಿನ ಗುರುತು ತೆಗೆಯಿರಿ.

ಆಮೇಲೆ ಒಂದೊಂದೇ ಬಾಲ ಹಿಡಿದು ಹುಡುಕಿ. ಡಾಕ್, ಡಾಕ್‌ಎಕ್ಸ್, ಆರ್‌ಟಿಎಫ್, ಟಿಎಕ್ಸ್‌ಟಿ, ಬಿಆರ್‌ಎಚ್, ಪಿಡಿಎಫ್, ಜೆಪಿಜಿ. ಹಳೆಯ ನೋಕಿಯಾ ಫೋನಿನಲ್ಲಿ ಅಜ್ಜಿಯ ಹಾಡು ಮುದ್ರಿಸಿ ಗಣಕಕ್ಕೆ ಹಾಕಿದ್ದರೆ ಅದರ ಬಾಲ ಎಎಂಆರ್ ಇರಬಹುದು, ಎಂಪಿ3 ಮಾತ್ರ ಹುಡುಕಿ ಕೈಬಿಡಬೇಡಿ. ಸಿಕ್ಕಿದ್ದು ಸಾವಿರ ಇದ್ದರೆ ಗಾತ್ರ, ದಿನಾಂಕದ ಪ್ರಕಾರ ಜೋಡಿಸಿ. ಪರಿಚಯವಿಲ್ಲದ ಬಾಲ ಕಂಡರೆ ಕಸ ಅನ್ನಬೇಡಿ, ನಮ್ಮ ಪಾವಗಡ ಅಲ್ಲೇ ಇತ್ತು. ಬಾಲ ಬದಲಿಸಿ ನೋಡುವುದಾದರೆ ಪ್ರತಿಯ ಮೇಲೆ ಮಾತ್ರ ಕೈ ಹಾಕಿ, ಮೂಲ ಹಾಗೇ ಇರಲಿ.

ಮನೆಯಲ್ಲಿ ಹಿರಿಯರು ಇದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಇದು ಮುಖ್ಯ. 'ಬೇರೆ ಒತ್ತೋರು' ಅಂತ ಅಮ್ಮ ಹೇಳದಿದ್ದರೆ ನನಗೆ ಬಿಆರ್‌ಎಚ್ ಹೊಳೆಯುತ್ತಲೇ ಇರಲಿಲ್ಲ. ಯಾವ ಹುಡುಕು ಪೆಟ್ಟಿಗೆಯಲ್ಲೂ ಆ ಮಾಹಿತಿ ಇಲ್ಲ.

ಕೊನೆಗೆ, ಸಿಕ್ಕ ಕನ್ನಡವನ್ನು ಯುನಿಕೋಡಿಗೆ ತಿರುಗಿಸಿ. ನುಡಿ, ಬರಹ ಎರಡಕ್ಕೂ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡುತ್ತವೆ, ಕಣ್ಣಾಡಿಸಬೇಕು. ಮತ್ತೆ ಹೆಸರನ್ನು ಕನ್ನಡದಲ್ಲೇ ಇಡಿ. ಈಗಿನ ಗಣಕಗಳಲ್ಲಿ ಕಡತದ ಹೆಸರು ಕನ್ನಡದಲ್ಲಿ ಇಟ್ಟರೆ ಏನೂ ತೊಂದರೆಯಿಲ್ಲ. 'ಪಿವಿಜಿಡಿ' ಅನ್ನುವ ಬದಲು 'ಪಾವಗಡ ತಲಪರಿಗೆ ಪಟ್ಟಿ' ಅಂತ ಇಟ್ಟರೆ ಮುಂದಿನವರು ಬಾಲ ಹಿಡಿದು ಅಲೆಯಬೇಕಾಗಿಲ್ಲ.

ನಾನು ಒಂಬತ್ತರಲ್ಲಿ ಮೂರು ಕಡತ ತಿರುಗಿಸಿ ಮುಗಿಸಿದ್ದೇನೆ. ಮಕ್ಕಳ ಹೆಸರು ಬಿಟ್ಟು ಊರು, ಪದ, ಅರ್ಥ ಮಾತ್ರ ಇಟ್ಟಿದ್ದೇನೆ. ಭಾನುವಾರ ಸಂಜೆ ಬಸ್ಸು ಹತ್ತುವ ಮುಂಚೆ ಮಧುಗಿರಿಯ ಪಟ್ಟಿಯನ್ನು ಅಮ್ಮನಿಗೆ ಓದಿ ಹೇಳಿದೆ. ಒಂದು ತಲಪರಿಗೆಯ ಹೆಸರು ಬಂದಾಗ, "ಅದು ನಮ್ಮ ತೌರಿನ ದಾರೀಲಿ ಐತಲ್ಲ, ನಿಮ್ಮಪ್ಪಂಗೆ ಅದನ್ನ ತೋರಿಸಿದ್ದೇ ನಾನು" ಅಂದರು. ಆ ಕಡತದಲ್ಲಿ 'ಯಾರಿಂದ ಕೇಳಿದ್ದು' ಅನ್ನುವ ಜಾಗ ಖಾಲಿ ಇತ್ತು. ತುಂಬಿದೆ.

ಅಕ್ಕನ ಮಗ ಅಂಗಡಿಗೆ ಕೊಡುವುದನ್ನು ಮುಂದೂಡಿದ್ದಾನೆ. ಅವನಿಗೆ ಆ ಕಲ್ಲು ಮುಚ್ಚಿದ ಒರತೆ ಎಲ್ಲಿದೆ ಅಂತ ನೋಡಬೇಕಂತೆ.

ನೀವೂ ಒಂದು ಸಲ ಮನೆಯ ಹಳೇ ಡಿಸ್ಕು ಕೆದಕಿ. ಯಾವ ಬಾಲದ ಹಿಂದೆ ಏನು ಸಿಕ್ಕಿತು ಅಂತ ಇಲ್ಲಿ ತಿಳಿಸಿ. ನಾನು ಬಿಟ್ಟಿರುವ ಬಾಲಗಳು ಯಾವುದಾದರೂ ಇದ್ದರೆ ಅದನ್ನೂ ಹೇಳಿ, ಸೇರಿಸುತ್ತೇನೆ.